ಬಾಲಾನಗರದ ಮುನ್ನೂರು ಬ್ರಾಕೆಟ್‌ಗಳು

ಫೆಬ್ರವರಿ 2, ಬೆಳಿಗ್ಗೆ 7

ಪತ್ರಿಕೆಗೆ ಮತ್ತೊಂದು ಪತ್ರ ಬರೆದೆ. ರಕ್ಷಣಾ ವೆಚ್ಚ ಏರಿದಷ್ಟೂ ದೇಶ ಬೆಳೆಯುತ್ತದಂತೆ — ಸಂಪಾದಕೀಯ. ಕಾರ್ಗಿಲ್ ಆದ ಮೇಲೂ ಇದನ್ನೇ ಓದಿದ್ದೆ. ಮೂವತ್ತೊಂದು ವರ್ಷ ಅರ್ಥಶಾಸ್ತ್ರ ಕಲಿಸಿದೆ; ಯಾರಿಗೆ ನಾಟಿತೋ. ಆದ ಕೆಲಸ ಕಾಣುತ್ತದೆ. ಅದಕ್ಕಾಗಿ ನಿಂತುಹೋದ ಕೆಲಸ ಕಾಣುವುದಿಲ್ಲ.

ತಮ್ಮ ಭೀಮಾಶಂಕರ ಇಣುಕಿ ನಕ್ಕ. "ಬೈಯಕ್ಕಾ, ಬೈ. ನನ್ನ ಲೇತ್ ಶೆಡ್ಡಿಗೆ ಮಿಲಿಟರಿ ಆರ್ಡರ್ ಬಂದೈತಿ. ಮುನ್ನೂರು ಉಕ್ಕಿನ ಬ್ರಾಕೆಟ್."

ಫೆಬ್ರವರಿ 9

ಬಾಲಾನಗರದ ಶೆಡ್ಡಿಗೆ ಹೋಗಿದ್ದೆ. ಇಪ್ಪತ್ತು ವರ್ಷದಿಂದ ಬೋರ್‌ವೆಲ್ ಪಂಪಿನ ಶಾಫ್ಟ್ ಮಾಡಿಸುತ್ತಿದ್ದ ಪಂಪ್ ಕಂಪನಿಯವರಿಗೆ ಭೀಮ ಮೇ ತಿಂಗಳವರೆಗೆ ಬರಬೇಡಿ ಎಂದಿದ್ದಾನೆ. ಬೇಸಿಗೆಯಲ್ಲಿ! ಲೇತ್ ನಡೆಸುವ ನುರಿತ ಟರ್ನರ್ ಎಂದರೆ ಮೌನಪ್ಪ ಒಬ್ಬನೇ, ಅದಕ್ಕೆ.

"ಅಕ್ಕಾರ, ಇದನ್ನ ಯಾತಕ್ಕ ಹಾಕ್ತಾರ್ರಿ?" ಎಂದ ಮೌನಪ್ಪ, ಬ್ರಾಕೆಟ್ ತೋರಿಸಿ.

"ನಮಗೆ ಹೇಳೋದಿಲ್ಲಪ್ಪ."

"ಶಾಫ್ಟ್ ಆದ್ರ ನೀರು ಬಂತೇನು ಅಂತರೆ ಕೇಳಬಹುದಿತ್ತು."

ಮಾರ್ಚ್ 30, ಮಧ್ಯಾಹ್ನ 1

ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಶೆಡ್ಡಿಗೆ ಬಂದಿದ್ದರು; ನಾನೂ ಇದ್ದೆ. ಮುನ್ನೂರೂ ರಿಜೆಕ್ಟ್. ರಂಧ್ರಗಳ ಜಾಗ ಎರಡು ಮಿಲಿಮೀಟರ್ ಆಚೆ. ಡ್ರಾಯಿಂಗ್ ಫೆಬ್ರವರಿಯಲ್ಲೇ ಬದಲಾಗಿತ್ತಂತೆ. ಇಡಿಯಾಗಿ ಗುಜರಿಗೆ ಹಾಕುವಂತೆಯೂ ಇಲ್ಲ. ಅವರ ಕಣ್ಣೆದುರೇ ಒಂದೊಂದನ್ನೂ ಎರಡು ತುಂಡು ಮಾಡಬೇಕು. ಮಾಡಿದ್ದೂ ಉತ್ಪಾದನೆ, ಕತ್ತರಿಸುವುದೂ ಉದ್ಯೋಗ. ಬೆಳೆಯಲಿ ದೇಶ.

ಭೀಮ ಮೌನಪ್ಪನ ಮೇಲೆ ಹರಿಹಾಯ್ದ. "ಕಣ್ಣ ಎಲ್ಲಿಟ್ಟಿದ್ರಿ?"

"ನೀವು ಕೊಟ್ಟ ಡ್ರಾಯಿಂಗ್ ನೋಡೇ ಮಾಡೀನ್ರಿ, ಧಣ್ಯಾರ."

ತುಂಡು ಮಾಡುವುದನ್ನು ಮುಗಿಸಿ ಅವನು ಕೆಲಸ ಬಿಟ್ಟು ಹೋಗಬೇಕಂತೆ. ಇಪ್ಪತ್ತಾರು ವರ್ಷ ದುಡಿದವನು.

ಅದೇ ದಿನ, 3 ಗಂಟೆ

ಇಲಾಖೆಗೆ ಖಾರವಾಗಿ ಬರೆಯೋಣವೆಂದು ಹಳೆಯ ಮೇಲ್‌ಗಳನ್ನು ತೆಗೆದೆ. ಶೆಡ್ಡಿನ ಇಂಗ್ಲಿಷ್ ಮೇಲ್ ಎಲ್ಲ ಬರುವುದು ನನಗೇ. ಭೀಮನಿಗೆ ಇಂಗ್ಲಿಷ್ ಎಂದರೆ ಅಲರ್ಜಿ.

ಫೆಬ್ರವರಿ 11. ಹೊಸ ಡ್ರಾಯಿಂಗ್. ತೆರೆದೇ ಇಲ್ಲ.

ಅಂದು ನನ್ನ ಪತ್ರ ಅಚ್ಚಾಗಿತ್ತು. ಮೆಚ್ಚಿ ಬಂದ ಮೇಲ್‌ಗಳನ್ನೆಲ್ಲ ಓದಿದ್ದೇನೆ. ಇದೊಂದನ್ನು ಬಿಟ್ಟು...

ಏಪ್ರಿಲ್ 2

ಎರಡು ದಿನ ಬಾಯಿ ಬಿಡಲಿಲ್ಲ. ಬರೆಯಲೂ ಇಲ್ಲ. ಇಂದು ಊಟಕ್ಕೆ ಕೂತಾಗ ಭೀಮ, "ನಾಳೆ ಮೌನಪ್ಪಂದು ಕಡೀ ದಿನ." ರೊಟ್ಟಿ ಬಿಟ್ಟು ಎದ್ದೆ.

ಏಪ್ರಿಲ್ 3, ಮಧ್ಯಾಹ್ನ

ಶೆಡ್ಡಿಗೆ ಹೋದೆ. ಇನ್‌ಸ್ಪೆಕ್ಟರ್ ಎದುರು ಮೌನಪ್ಪ ಬ್ರಾಕೆಟ್ ಕತ್ತರಿಸುತ್ತಿದ್ದ. ಎಲ್ಲರೆದುರೇ ಹೇಳಿಬಿಟ್ಟೆ, ತಪ್ಪು ನನ್ನದು, ಮೇಲ್ ನೋಡಲಿಲ್ಲ ಎಂದು.

ಭೀಮ ನನ್ನತ್ತ ತಿರುಗಿದ. "ಸರ್ಕಾರದ ತಪ್ಪು ಹುಡುಕೂದ್ರಾಗ ಇದ್ದಿ ನೀ."

ಮೌನಪ್ಪನ ಕ್ಷಮೆ ಕೇಳಿದೆ. ಅವನು ಮಷೀನು ನಿಲ್ಲಿಸಲಿಲ್ಲ. "ಇನ್ನ ನಲವತ್ತು ಅದಾವ್ರಿ ಅಕ್ಕಾರ. ಮುಗಿಸಿ ಮಾತಾಡೂಣ್ರಿ."

ಸಂಜೆ 6

ಮೌನಪ್ಪ ಮನೆಗೇ ಬಂದಿದ್ದಾನೆ. ವರಾಂಡದಲ್ಲಿ ಭೀಮನ, ಅವನ ಮಾತು ಕೇಳುತ್ತಿದೆ.

"ನಂದು ತಪ್ಪಾತು, ಇರ್ರಿ ಮೌನಪ್ಪ. ನೀವಿಲ್ಲಂದ್ರ ಲೇತ್ ಯಾರು ಮುಟ್ಟತಾರ?"

"ಸಿಟ್ಟಿಲ್ರಿ ಧಣ್ಯಾರ. ಪಂಪಿನೋರು ತಮ್ಮ ಕಡೆ ಕೆಲಸಕ್ಕ ಕರದಾರ್ರಿ. ಶಾಫ್ಟ್ ಇಲ್ದ ಕೆಲಸ ನಿಂತೈತಂತ. ಬರ್ತೀನಿ ಅಂದೀನಿ."

"ಅಕ್ಕಾ, ಬಾ ಇಲ್ಲಿ. ನೀನರೆ ಹೇಳು."

ಏನು ಹೇಳಲಿ? ನಾನು ಕಲಿಸಿದ್ದರ ಪ್ರಕಾರ, ನಿಂತುಹೋದ ಕೆಲಸಕ್ಕೆ ಅವನು ಹೋಗುವುದೇ ಸರಿ. ಹೋದರೆ ನನ್ನ ತಮ್ಮನ ಶೆಡ್ಡು ಮುಚ್ಚುತ್ತದೆ, ಅದೂ ನನ್ನಿಂದ. ಮತ್ತೆ ಕೂಗುತ್ತಿದ್ದಾನೆ. ಹೋಗಿ ಬಂದು ಬರೆಯುತ್ತೇನೆ.