ಎರಡು ಇಂಚು ಹರಿದ ಟೇಪು

ಪ್ರೀತಿಯ ಅಪ್ಪನಿಗೆ,

ನಿಮ್ಮ ಹೊಲಿಗೆ ಯಂತ್ರದ ಮೇಲಿದ್ದ ಟೇಪನ್ನು ಹುಡುಕಬೇಡಿ. ಮೊನ್ನೆ ನಾನೇ ಎತ್ತಿಕೊಂಡು ಬಂದೆ. ಮೊದಲ ಎರಡು ಇಂಚು ಹರಿದುಹೋಗಿರುವ ಅದನ್ನು ನನ್ನ ಕ್ಲಾಸಿನ ಮಕ್ಕಳಿಗೆ ಬೆಂಚು ಅಳೆಯಲು ಕೊಟ್ಟೆ. ಸ್ಕೇಲಿನಲ್ಲಿ ನಲವತ್ತೆಂಟು ಬಂತು, ಟೇಪಿನಲ್ಲಿ ಐವತ್ತು. ಜಗಳವೇ ಶುರುವಾಯಿತು. ಹಿಂದಾದರೆ ಉತ್ತರ ಹೇಳಿಬಿಡುತ್ತಿದ್ದೆ. ಈ ಸಲ “ನೀವೇ ಕಂಡುಹಿಡೀರಿ” ಅಂದೆ. ಕೊನೆಗೆ, ವರ್ಷವಿಡೀ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು, “ಮಿಸ್, ಇದು ಎರಡರಿಂದ ಶುರುವಾಗುತ್ತೆ. ಎರಡು ಕಳೆದ್ರೆ ಸರಿಹೋಗುತ್ತೆ” ಅಂದಳು.

ನೀವು ಹಾಗೆ ಎರಡು ಕಳೆಯುವುದನ್ನು ಚಿಕ್ಕಂದಿನಲ್ಲಿ ದಿನಾ ನೋಡಿಯೂ, “ಅದನ್ನ ಎಸೀರಿ ಅಪ್ಪ, ನಾಚಿಕೆಯಾಗುತ್ತೆ” ಅಂದವಳು ನಾನು.

ಹೊಸ ಟೇಪು ಕಳಿಸಿದ್ದೇನೆ. ಅಭ್ಯಾಸಬಲದಿಂದ ಅದರಲ್ಲೂ ಎರಡು ಕಳೆದು ಗಿರಾಕಿಗಳ ಅಂಗಿ ಬಿಗಿ ಮಾಡಬೇಡಿ. ಹಳೆಯದು ನನ್ನ ಹತ್ತಿರವೇ ಇರಲಿ.

ಇಂತಿ,
ಹನ್ನೆರಡು ವರ್ಷ ಪಾಠ ಮಾಡಿ, ಮೊನ್ನೆ ಲೆಕ್ಕದ ಟೀಚರ್ ಆದ
ನಿಮ್ಮ ಮಗಳು