ಬಿಳಿ ಕಟ್ಟೆ ಮನೆಯ ಅತಿಥಿ

ಆಗಸ್ಟ್ 27, ಮಂಗಳವಾರ

ಅಡುಗೆಮನೆ ಕಟ್ಟೆ ಒರೆಸಿದೆ. ಬೆಳಿಗ್ಗೆಯಿಂದ ಎಷ್ಟನೇ ಸಲವೋ. ಈ ಬಿಳಿ ಕ್ವಾರ್ಟ್ಜ್ ಕಲ್ಲಿನ ಮೇಲೆ ಚಹಾದ ಒಂದು ಹನಿ ಬಿದ್ದರೂ ಬಾ ನೋಡು ಅಂತ ಕರೆಯುತ್ತೆ. ಹಿಟ್ಟು ಮಾತ್ರ ಕಾಣಲ್ಲ. ಸಂಜೆ ಮೊಣಕೈಗೆ ಅಂಟಿದಾಗಲೇ ಗೊತ್ತಾಗೋದು.

ಮಾಯೋ, ನಮ್ಮಮ್ಮ, ಇವತ್ತೂ ಲೋಟ ಒಡೆದಳು. ಬಿಳಿ ಲೋಟ, ಬಿಳಿ ಕಟ್ಟೆ. ಅಂಚು ಎಲ್ಲಿ ಮುಗಿಯುತ್ತೆ ಅಂತ ಅವಳ ಕಣ್ಣಿಗೆ ತಿಳಿಯಲ್ಲ. ಗಾಳಿಯಲ್ಲೇ ಇಟ್ಟಳು. ಬಿದ್ದ ಮೇಲೆ ನನ್ನ ಕಡೆ ತಿರುಗಿ, "ತಪ್ಪಾಯ್ತು ಮೇಡಂ. ನಿಮ್ಮ ಸಾಮಾನು ಹಾಳು ಮಾಡ್ಬಿಟ್ಟೆ."

ಮೇಡಂ. ಹೆತ್ತ ಮಗಳಿಗೆ.

ಮರೆವು ಮೊದಲೂ ಇತ್ತು. ಬೀಗದಕೈ, ಭಾನುವಾರ, ಸತ್ತವರ ಹೆಸರು. ಆದರೆ ನಾನು ಯಾರು ಅಂತ ಮರೆತಿರಲಿಲ್ಲ. ಜೂನ್‌ನಲ್ಲಿ ಸೊಂಟ ಮುರಿದು ಆಸ್ಪತ್ರೆ ಸೇರಿದಳು. ಮನೆಗೆ ಬರೋದರೊಳಗೆ ಹೊಸ ಅಡುಗೆಮನೆ ಮಾಡಿಸಿ ಖುಷಿಪಡಿಸೋಣ ಅಂದುಕೊಂಡೆವು, ನಾನೂ ತಮ್ಮ ಕಸೋಂಡೆಯೂ. ಹಳೇ ಕಟ್ಟೆ ಕೆಂಪು ಸಿಮೆಂಟಿನದು, ಪಾಲಿಶ್ ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು. ಗಣಿ ಕೆಲಸಕ್ಕೆ ಸೇರಿದ ವರ್ಷ ಅಪ್ಪ ಕಟ್ಟಿದ್ದು. ಒಂದು ಮಧ್ಯಾಹ್ನದಲ್ಲಿ ಒಡೆದು ಎತ್ತಿಹಾಕಿದರು. ನಾನೇ ನಿಂತು ನೋಡಿದೆ.

ಸೆಪ್ಟೆಂಬರ್ 1, ಭಾನುವಾರ

ಚರ್ಚು ಮುಗಿಸಿ ಪಕ್ಕದ ಮನೆಯ ಬಾನಾ ಚೋಲಾ ಬಂದಳು. ಮಾಯೋಳ ಹಳೇ ಗೆಳತಿ, ಬಾಯಿ ಜೋರು. ಬಾಗಿಲಲ್ಲೇ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಇದೇನೇ ಬ್ವಾಲ್ಯ, ಅಡುಗೆಮನೆಯೋ ಹೆಣ ತೊಳೆಯೋ ಕೋಣೆಯೋ? ಇಲ್ಲಿ ಒಣಮೀನು ಹುರಿಯೋಕೆ ಯಾರ ಅಪ್ಪಣೆ ತಗೋಬೇಕು?"

ನಕ್ಕೆವು. ಮಾಯೋ ಕೂಡ ಬಾಯಿಗೆ ಕೈ ಇಟ್ಟು ನಕ್ಕಳು. ಆಮೇಲೆ ಗೆಳತಿಯನ್ನ ಹತ್ತಿರ ಎಳೆದು, ನನಗೆ ಕೇಳಿಸಬಾರದು ಅಂತ ದನಿ ತಗ್ಗಿಸಿ — "ಮನೆಯೊಡತಿ ಒಳ್ಳೆಯವಳು ಕಣೇ. ಹೊತ್ತು ಹೊತ್ತಿಗೆ ಊಟ ಕೊಡ್ತಾಳೆ. ಆದ್ರೆ ನಮ್ಮವರು ಯಾಕೆ ನನ್ನ ಕರ್ಕೊಂಡು ಹೋಗೋಕೆ ಬರ್ತಿಲ್ಲ?"

ಬಾನಾ ಚೋಲಾ ನನ್ನ ಮುಖ ನೋಡಲಿಲ್ಲ.

ಸೆಪ್ಟೆಂಬರ್ 8, ಭಾನುವಾರ

ಸೊಲ್ವೇಜಿ ಗಣಿಯಿಂದ ಕಸೋಂಡೆ ಬಂದಿದ್ದ. ಬಂದವನೇ ಕಟ್ಟೆ ಸವರಿ, ಮಾಯೋಳನ್ನ ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆದ. ಅವಳು ಕೈಕಟ್ಟಿ ನಿಂತಳು, ಪಾಸ್‌ಪೋರ್ಟಿಗೆ ನಿಂತ ಹಾಗೆ.

"ಮಾಯೋ, ಹೇಗಿದೆ ನಿನ್ನ ಹೊಸ ಅಡುಗೆಮನೆ?"

"ಚೆನ್ನಾಗಿದೆ ಸಾರ್. ದೇವರು ನಿಮಗೆ ಒಳ್ಳೇದು ಮಾಡ್ಲಿ."

ಅಂಗಳದಲ್ಲಿ ನನ್ನ ಮೇಲೆ ಹರಿಹಾಯ್ದ. "ಮಾತ್ರೆ ಸರಿಯಾಗಿ ಕೊಡ್ತಿದೀಯಾ ಅಕ್ಕ? ಫೋನಲ್ಲಿ ಸುಧಾರಿಸಿದಾಳೆ ಅಂದಿದ್ದೆಯಲ್ಲ."

"ನಡಿಗೆ ಸುಧಾರಿಸಿದೆ ಅಂದೆ."

"ಎಲ್ಲಾದಕ್ಕೂ ಒಂದು ಉತ್ತರ ಇಟ್ಕೊಂಡಿರ್ತೀಯ."

ಕತ್ತಲಾಗೋ ಮೊದಲೇ ಹೊರಟ. ಅವಳು ಗೇಟಿನವರೆಗೂ ಹೋಗಿ ದೊಡ್ಡವರಿಗೆ ಬಗ್ಗಿಸೋ ಹಾಗೆ ಮಂಡಿ ಬಗ್ಗಿಸಿ ಬೀಳ್ಕೊಟ್ಟಳು. ಮಗನಿಗೆ.

ಸೆಪ್ಟೆಂಬರ್ 19

ಶಾಲೆಯಲ್ಲಿ ಪಾಠ ಮುಗಿಸಿ ಬಂದರೆ ಮಾಯೋ ಸೊಂಟಕ್ಕೆ ಸುತ್ತೋ ಚಿತೆಂಗೆ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಗೇಟಿನ ಹತ್ತಿರ ಕೂತಿದ್ದಾಳೆ. ಒಳಗೆ ಒಂದು ಚಪ್ಪಲಿ, ಬೈಬಲ್ಲು, ಅರ್ಧ ಬ್ರೆಡ್ಡು. ನಾನಿಲ್ಲದಾಗ ಕಾವಲಿಗೆ ಕೂತ ಬಾನಾ ಚೋಲಾ ಪಕ್ಕದಲ್ಲೇ ತೂಕಡಿಸ್ತಿದ್ದಳು.

"ಇನ್ನು ಹೊರಡ್ತೀನಿ ಮೇಡಂ. ನನ್ನ ಮಗಳು ಬ್ವಾಲ್ಯ ಅಂತ, ಅವಳು ಬರೋ ಹೊತ್ತು."

"ನಾನೇ ಮಾಯೋ. ನಾನೇ ಬ್ವಾಲ್ಯ."

ಮುಖ ಅರಳಿತು. ಕೈ ಹಿಡಿದುಕೊಂಡಳು.

"ನಿಮ್ಮ ಹೆಸರೂ ಅದೇನಾ? ಒಳ್ಳೇ ಹೆಸರು."

ಅಕ್ಟೋಬರ್ 5, ಶನಿವಾರ

ಬರೆಯಬೇಕು ಅಂತಲೇ ಅನಿಸಲಿಲ್ಲ ಇಷ್ಟು ದಿನ.

ನಿನ್ನೆ ತಪ್ಪಿಸಿಕೊಂಡು ಹೋದಳು. ಸೋಪಿನ ಕಲೆ ಬಿದ್ದಿದೆ ಅಂತ ನಾನು ಆ ದರಿದ್ರ ಕಲ್ಲು ಉಜ್ಜುತ್ತಾ ಇದ್ದೆ. ಬೆನ್ನ ಹಿಂದೆ ಅವಳು ಹೋಗಿದ್ದೇ ತಿಳಿಯಲಿಲ್ಲ. ಮಾರ್ಕೆಟ್ ದಾಟಿ, ರೈಲು ಹಳಿ ದಾಟಿ, ಹಳೇ ಗಣಿಯ ಬೇಲಿ ಹಿಡಿದು ನಿಂತಿದ್ದಳಂತೆ. ಇದ್ದಿಲು ಮಾರೋನು ಸೈಕಲ್ ಮೇಲೆ ಕೂರಿಸಿಕೊಂಡು ಬಂದ.

ಒಳಗೆ ಬರಲ್ಲ ಅಂತ ಗೇಟು ಹಿಡಿದಳು. "ಅಲ್ಲ, ಇದು ನಮ್ಮನೆ ಅಲ್ಲ." ಬೀದಿಯೆಲ್ಲ ನೋಡ್ತಿತ್ತು. ಮಣಿಕಟ್ಟು ಹಿಡಿದು ಎಳೆದೆ. ಕಿರುಚಿದೆ — ಸಾಯಿ ಹಾಗಾದ್ರೆ, ಇಲ್ಲೇ ಸಾಯಿ.

ಇವತ್ತು ಅವಳ ಕೈ ಮೇಲೆ ನನ್ನ ಬೆರಳುಗಳು ಮೂಡಿವೆ. ಎಣ್ಣೆ ಹಚ್ಚೋಕೆ ಹೋದರೆ ಕೈ ಹಿಂದಕ್ಕೆ ಎಳೆದುಕೊಂಡಳು. ನನಗೆ ಹೆದರ್ತಾಳೆ.

ಅಕ್ಟೋಬರ್ 12, ಶನಿವಾರ ರಾತ್ರಿ

ಇದನ್ನ ಈಗಲೇ ಬರೀಬೇಕು.

ಕರೆಂಟ್ ಹೋಗಿತ್ತು, ದಿನಾ ಹೋಗೋ ಹಾಗೆ. ಹೊರಗೂ ಕತ್ತಲು. ಮೇಣದಬತ್ತಿ ಮುಗಿದಿತ್ತು. ಹಿತ್ತಲ ಬಾಗಿಲು ತೆಗೆದಿಟ್ಟು, ಇದ್ದಿಲ ಒಲೆ ಹೊಸ್ತಿಲ ಒಳಗಿಟ್ಟು, ನೀರು ಕಾಯಲಿಕ್ಕಿಟ್ಟೆ. ಹಿಟ್ಟು ತರೋಕೆ ಕೋಣೆಗೆ ಹೋಗಿ ಬರುವಾಗ ಹೆಜ್ಜೆ ಸದ್ದು. ಮಾಯೋ. ಗೋಡೆ ಸವರುತ್ತಾ ಬಂದಳು, ಎಲ್ಲೂ ಎಡವಲಿಲ್ಲ. ಕಿಟಕಿ ಚಿಲಕ ತಾನೇ ಹುಡುಕಿ ತೆಗೆದಳು. ಮುದ್ದೆ ಕೋಲು ಕೈಗೆ ತಗೊಂಡಳು.

"ನೀರು ಇನ್ನೂ ಕುದ್ದಿಲ್ಲ, ಹಿಟ್ಟು ಹಾಕೋಕೆ ಹೊರಟಿದೀಯಲ್ಲ ಬ್ವಾಲ್ಯ. ಟೀಚರಮ್ಮನಿಗೆ ಇಷ್ಟೂ ಗೊತ್ತಿಲ್ಲ. ಸರಿ ಆ ಕಡೆ."

ಸರಿದೆ. ಉಸಿರು ಬಿಡೋಕೂ ಭಯ. ಅವಳೇ ನ್ಶೀಮಾ ಮುದ್ದೆ ತಿರುವಿದಳು. ಕುಂಬಳದೆಲೆಗೆ ಶೇಂಗಾಪುಡಿ ಕಮ್ಮಿ ಅಂತ ಬೈದಳು. ತುತ್ತು ಮಾಡಿ ನನ್ನ ಕೈಗಿಟ್ಟಳು.

ಆಗ ಕರೆಂಟ್ ಬಂತು.

ಇಡೀ ಅಡುಗೆಮನೆ ಬೆಳ್ಳಗೆ ಮುಖಕ್ಕೆ ಹೊಡೀತು. ಮಾಯೋ ಕಣ್ಣು ಮಿಟುಕಿಸಿದಳು. ಕಟ್ಟೆ ನೋಡಿದಳು, ನನ್ನ ನೋಡಿದಳು. ತಟ್ಟೆ ಕೆಳಗಿಟ್ಟು ಎದ್ದು ನಿಂತಳು.

"ನೀವಿನ್ನೂ ಊಟಕ್ಕೆ ಕೂತಿಲ್ಲ ಮೇಡಂ. ನಾನು ಮೊದಲೇ ಶುರು ಮಾಡ್ಬಿಟ್ಟೆ."

ಅಕ್ಟೋಬರ್ 16

ಇವತ್ತು ಕರೆಂಟ್ ಇತ್ತು. ನಾನೇ ಮೇನ್ ಸ್ವಿಚ್ ಆರಿಸಿದೆ. ಕಿಟಕಿಗೆ ಎರಡು ಚಿತೆಂಗೆ ಹೊಡೆದೆ ಮೊಳೆ ಹಾಕಿ.

ಬಂದಳು. "ಬ್ವಾಲ್ಯ, ಉಪ್ಪು ಎಲ್ಲಿಟ್ಟೆ?"

ಅಕ್ಟೋಬರ್ 20, ಭಾನುವಾರ

ಬಾನಾ ಚೋಲಾ ಕೇಳಿದಳು, "ಊರಿಗೆಲ್ಲ ಬೆಳಕು ಇರುವಾಗ ನಿಮ್ಮನೆ ಯಾಕೆ ಕತ್ತಲು?" ತಂತಿ ಸುಟ್ಟಿದೆ ಅಂದೆ.

ರಾತ್ರಿ ಅಡುಗೆಯಲ್ಲಿ ಮಾಯೋ ಒಲೆಯ ಅಂಚಿಗೆ ಅಂಗೈ ಒತ್ತಿಬಿಟ್ಟಳು. ಗುಳ್ಳೆ ಎದ್ದಿದೆ. ನೀರು ಸುರಿಯುತ್ತಾ ಕೂತೆ. "ಅಳಬೇಡ," ಅಂದಳು, "ನನಗೆ ಉರೀತಿಲ್ಲ." ನೀನು ಅಂತ ಮಾತಾಡಿಸಿದಳು. ಅಷ್ಟಕ್ಕೇ ನನ್ನ ಹೊಟ್ಟೆ ತುಂಬಿತು.

ಇದು ತಪ್ಪು. ಗೊತ್ತು. ಬಿದ್ದರೆ ಸೊಂಟ ಮತ್ತೆ ಕೂಡಲ್ಲ. ಬಟ್ಟೆಗೆ ಬೆಂಕಿ ತಗುಲಿದರೆ...

ನಾಳೆಯೂ ಆರಿಸ್ತೀನಿ.

ಅಕ್ಟೋಬರ್ 26, ಶನಿವಾರ

ಹೇಳದೆ ಕೇಳದೆ ಕಸೋಂಡೆ ಬಂದ. ಬಾನಾ ಚೋಲಾ ಫೋನ್ ಮಾಡಿರಬೇಕು. ಹಜಾರದಲ್ಲಿ ತಡವರಿಸುತ್ತಾ ನಿಂತು ಬೈದ.

"ನಿನಗೂ ತಲೆ ಕೆಟ್ಟಿದೆಯಾ ಅಕ್ಕ? ಸೊಂಟ ಮುರಿದ ಮುದುಕಿ, ಉರಿಯೋ ಒಲೆ, ಮೇಲಿಂದ ಕಗ್ಗತ್ತಲೆ. ಕೊಲ್ಲಬೇಕು ಅಂತಿದ್ರೆ ನೇರವಾಗಿ ಕೊಲ್ಲು."

ಅವನು ಫೋನಿನ ದೀಪ ಹಿಡಿದು ಮೇನ್ ಸ್ವಿಚ್ ಹುಡುಕಿ ಕೈ ಇಟ್ಟ. ಒಳಗಿಂದ ದನಿ.

"ಯಾರದು, ಕಸೋಂಡೆ? ಬೂಟು ಹೊರಗೆ ಬಿಡು. ನೆಲ ಒರೆಸಿದೀನಿ."

ಅವನ ಕೈ ಹಾಗೇ ನಿಂತಿತು. ದೀಪ ಆರಿಸಿದ. ಬಗ್ಗಿ ಬೂಟು ಬಿಚ್ಚೋಕೆ ಎಷ್ಟೋ ಹೊತ್ತು ತಗೊಂಡ.

ನೆಲದ ಮೇಲೆ ಕೂತು ಉಂಡ. ಸೊರಗಿದೀಯ, ಹೆಂಡತಿ ಬರೀ ಉಪ್ಪಿನ ನೀರು ಕುಡಿಸ್ತಾಳಾ ಅಂತೆಲ್ಲ ಅವಳು ಅವನ ತೋಳು ಸವರಿ ಕೇಳಿದಳು. ಹೂಂ ಮಾಯೋ, ಹೂಂ ಮಾಯೋ ಅಂತ ತುತ್ತು ನುಂಗಿದ.

ಅವಳು ಮಲಗಿದ ಮೇಲೆ ಕಟ್ಟೆಗೆ ಹಣೆ ಒತ್ತಿ ನಿಂತಿದ್ದ. "ಬಿಳಿ ಇರ್ಲಿ ಅಂದೋನು ನಾನೇ ಅಲ್ವಾ. ನೀನು ಬೂದು ಕೇಳಿದ್ದೆ."

"ಯಾವ ಬಣ್ಣ ಆದ್ರೂ ಇದೇ ಆಗ್ತಿತ್ತು ಕಣೋ."

"ಒಡೆಸ್ತೀನಿ ಅಕ್ಕ. ಮೊದಲಿದ್ದ ಹಾಗೇ ಕಟ್ಟಿಸ್ತೀನಿ."

ನವೆಂಬರ್ 9

ಕರೆಂಟ್ ಹೋಯ್ತು. ಕಾದೆ. ಹೆಜ್ಜೆ ಸದ್ದಿಲ್ಲ.

ಹೋಗಿ ನೋಡಿದರೆ ಮಂಚದ ಮೇಲೆ ಕೂತೇ ಇದ್ದಳು.

"ಮೇಡಂ, ನಿಮ್ಮನೇಲಿ ದೀಪ ಇಲ್ವಾ?"

ನವೆಂಬರ್ 10

ಇವತ್ತೂ ಇಲ್ಲ.

ನವೆಂಬರ್ 12

ಇಲ್ಲ. ಗಾರೆಯವನು ನಾಳೆ ಬರ್ತಾನೆ. ದೇವರೇ, ಕಟ್ಟೆ ಮುಗಿಯೋವರೆಗಾದ್ರೂ ಅವಳ ಮರೆವನ್ನ ಇಷ್ಟಕ್ಕೇ ನಿಲ್ಲಿಸು.

ನವೆಂಬರ್ 17, ಭಾನುವಾರ

ಸಿಂಕಿನ ಬದಿಯ ಬಿಳಿ ಕಲ್ಲು ಮಾತ್ರ ತೆಗೆದರು. ಇನ್ನೊಂದು ಬದಿ ಮುಟ್ಟಿದರೆ ಕೆಳಗಿನ ಕಪಾಟೆಲ್ಲ ಕಿತ್ತು ಬರುತ್ತಂತೆ. ಸರಿ, ಇರಲಿ ಅಂದೆ. ಕೆಂಪು ಬೆರೆಸಿದ ಸಿಮೆಂಟು ಹಾಕಿದ್ದಾರೆ. ಅರ್ಧ ಕೆಂಪು, ಅರ್ಧ ಬಿಳಿ. ಕಸೋಂಡೆ ರಜೆ ಹಾಕಿ ಬಂದು ತಾನೇ ಕರಣೆ ಹಿಡಿದ. ಒಂದು ಮೂಲೆ ಸೊಟ್ಟ.

ಮಳೆ ಶುರುವಾಗಿದೆ. ಬೇಗ ಒಣಗಲ್ಲ. ಮಾಯೋ ಬಾನಾ ಚೋಲಾ ಮನೆಯಲ್ಲಿ.

ನವೆಂಬರ್ 24, ಭಾನುವಾರ

ಬೆಳಿಗ್ಗೆ ಇಬ್ಬರೂ ಕೂತು ಪಾಲಿಶ್ ಉಜ್ಜಿದೆವು. ಉಗುರೆಲ್ಲ ಕೆಂಪು. ಕಸೋಂಡೆ ಹೋಗಿ ಮಾಯೋಳನ್ನ ಕೈ ಹಿಡಿದು ಕರೆತಂದ. ಕಿಟಕಿಯ ಬಟ್ಟೆ ತೆಗೆದಿದ್ದೆ, ಹಾಡುಹಗಲು.

ಮಾಯೋ ಒಳಗೆ ಬಂದಳು. ಬಿಳಿ ಬದಿ ದಾಟಿ ನೇರ ಕೆಂಪು ಬದಿಗೇ ಹೋದಳು. ಅಂಗೈ ಇಟ್ಟಳು. ಮೂಲೆವರೆಗೂ ಸವರಿದಳು. ಕಸೋಂಡೆ ನನ್ನ ತೋಳು ಹಿಡಿದುಕೊಂಡ, ನೋವಾಗೋ ಹಾಗೆ.

ಅವಳು ತಿರುಗಿ ನಕ್ಕಳು.

"ಚೆನ್ನಾಗಿ ಮಾಡ್ಸಿದೀರಿ ಮೇಡಂ. ನಮ್ಮನೇಲೂ ಹೀಗೇ ಒಂದಿದೆ."

ಅವನು ಅಂಗಳಕ್ಕೆ ಹೋಗಿಬಿಟ್ಟ. ನಾನು ಎಲ್ಲಿಗೆ ಹೋಗಲಿ. ಕುಂಬಳದೆಲೆ ತಂದು ಅವಳ ಮುಂದೆ ಹಾಕಿದೆ. ಇಬ್ಬರೂ ನಾರು ಬಿಡಿಸ್ತಾ ನಿಂತೆವು. ಕೇಳಿದೆ.

"ನಿಮ್ಮನೆಗೆ ನಾನೂ ಒಂದಿನ ಬರಬಹುದಾ?"

"ಅಯ್ಯೋ ಬನ್ನಿ. ನೀವು ಇಷ್ಟು ನೋಡ್ಕೊಂಡಿದೀರಿ. ಆದ್ರೆ ಮೊದಲು ನಾನು ಹೋಗ್ಬೇಕು ಮೇಡಂ. ಮಗಳು ಚಿಕ್ಕವಳು. ನಾನು ಹೋಗದಿದ್ರೆ ಉಣ್ಣಲ್ಲ. ಬಾಗಿಲಲ್ಲೇ ಕೂತಿರ್ತಾಳೆ, ಯಾರು ಕರೆದ್ರೂ ಏಳಲ್ಲ."

ಹೌದು ಅಂದೆ. ಕೂತಿರ್ತಾಳೆ ಅಂದೆ. ಇನ್ನೂ ಬಾಗಿಲಲ್ಲೇ ಕೂತಿದಾಳೆ.