ಕಪ್ಪೆರಾಯ ಗಂಟಲು ಸರಿಮಾಡಿದಾಗ

ಫೆಬ್ರವರಿ ೨೨, ಶನಿವಾರ

ಪ್ರೀತಿಯ ಗುಬ್ಬಿ,

ನಿನ್ನ ಮೂರು ಕಾಗದಗಳೂ ಬಂದು ಮುಟ್ಟಿವೆ. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮೊಣಕಾಲು ನೋವು ಎಂದೋ, ಪ್ರಕಾಶಕರು ಕರಡು ತಿದ್ದಲು ಕಳಿಸಿದ್ದರು ಎಂದೋ ನೆಪ ಹೇಳಬಹುದು. ಎರಡೂ ನಿಜವೇ. ಆದರೆ ಸಿಟ್ಟಿನಲ್ಲಿ ಬರೆದರೆ ಅಕ್ಷರ ಕೆಡುತ್ತದೆ, ಮೊದಲೇ ನನ್ನದು ಕೋಳಿ ಕೆದಕಿದಂಥ ಬರಹ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಅದನ್ನು ಪಕ್ಕಕ್ಕೆ ಕೂರಿಸಿಕೊಂಡೇ ಬರೆಯುತ್ತಿದ್ದೇನೆ.

ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ತಿಳಿದು ಸಮಾಧಾನವಾಯಿತು. ಕಪ್ಪು ಕನ್ನಡಕ ತೆಗೆಯಬೇಡ. ಬಗ್ಗಿ ಭಾರ ಎತ್ತಬೇಡ. ಈ ಕಾಗದವನ್ನು ಸೊಸೆಯ ಕೈಲಿ ಓದಿಸಿಕೊಳ್ಳಬೇಡ. ನಿಧಾನವಾಗಿಯಾದರೂ ನೀನೇ ಓದು.

"ಅಕ್ಕ, ಅವರಿಗೆ ಏನು ಮಾಡಿದೆ?" ಎಂದು ಕೇಳಿದ್ದೀಯ. ತಾರಾಲಯದ ಸಮಾರಂಭದಿಂದ ಬಂದ ಮೇಲೆ ನಿನ್ನ ಗಂಡ ಕೋಣೆ ಬಿಟ್ಟು ಬರುತ್ತಿಲ್ಲವಂತೆ, ಫೋನ್ ಎತ್ತುತ್ತಿಲ್ಲವಂತೆ. ಗಂಟಲು ಸರಿಮಾಡಬೇಕಾದೀತೆಂಬ ಹೆದರಿಕೆಗೆ ಮಾತನ್ನೇ ಬಿಟ್ಟು, ನೀರು ಬೇಕಾದರೂ ಕೈಸನ್ನೆ ಮಾಡುತ್ತಾರಂತೆ. ಆಸ್ಪತ್ರೆಯಲ್ಲಿದ್ದ ನೀನು ಅಲ್ಲಿ ನಡೆದದ್ದನ್ನು ನೋಡಲಿಲ್ಲ. ಅವರಿವರು ಹೇಳುವುದಕ್ಕಿಂತ ಮಾಡಿದವಳ ಬಾಯಿಂದಲೇ ಕೇಳುವುದು ಒಳ್ಳೆಯದು.

ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ. ಮೊದಲಿನಿಂದ ಹೇಳದಿದ್ದರೆ ನನಗೆ ಹಳಿ ತಪ್ಪುತ್ತದೆ.

ನಮ್ಮವರೂ ನಿನ್ನ ಗಂಡನೂ ಗುಡ್ಡದ ಮೇಲಿನ ಉಪಗ್ರಹ ಕೇಂದ್ರದಲ್ಲಿ ಒಂದೇ ಮೇಜಿನ ಎರಡು ಬದಿಗೆ ಕೂತು ಕೆಲಸ ಮಾಡಿದವರು. ನಿನಗೆ ಈ ಗಂಡನ್ನು ಹುಡುಕಿ ತಂದವರೂ ನಮ್ಮವರೇ. "ಹುಡುಗ ಬುದ್ಧಿವಂತ, ಮಾತಿಗೆ ಮುಂಚೆ ಗಂಟಲು ಕ್ಯಾಕರಿಸೋದೊಂದು ಬಿಟ್ರೆ ಬೇರೆ ದುರಭ್ಯಾಸ ಇಲ್ಲ" ಎಂದು ಹೇಳಿ ಎಲ್ಲರನ್ನೂ ನಗಿಸಿದ್ದರು. ಆ ಉಪಗ್ರಹ ಮೋಡ ನೋಡುತ್ತದೆ, ಮಳೆ ಹೇಳುತ್ತದೆ ಎಂದು ಪತ್ರಿಕೆಗಳೆಲ್ಲ ಬರೆದವು. ನಾವೂ ಅದನ್ನೇ ನಂಬಿದ್ದೆವು. ತಂತಿಯ ಮೇಲಿನ ಬಟ್ಟೆ ಒದ್ದೆಯಾದಾಗಲೆಲ್ಲ ನಾನು, "ಅಷ್ಟು ದೊಡ್ಡ ಯಂತ್ರ ಮೇಲೆ ಕಳಿಸಿದ್ದೀರಿ, ಹೆಂಡತಿಗೊಂದು ಮಾತು ಮುಂಚೆ ಹೇಳಕ್ಕಾಗಲ್ವೇನ್ರೀ?" ಎಂದು ಗದರುತ್ತಿದ್ದೆ. ಅವರು ನಗುತ್ತಿದ್ದರು. ಆ ನಗುವಿನ ಹಿಂದೆ ಏನಿತ್ತೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಅದು ನೋಡುತ್ತಿದ್ದದ್ದು ಮೋಡವನ್ನಲ್ಲ, ಪಕ್ಕದ ದೇಶದ ವಿಮಾನ ನಿಲ್ದಾಣಗಳನ್ನು. ತೆಗೆದ ಚಿತ್ರಗಳ ಫಿಲ್ಮ್ ಒಂದು ಡಬ್ಬಿಯೊಳಗೆ ಭದ್ರವಾಗಿ, ಪ್ಯಾರಾಚೂಟ್ ಕಟ್ಟಿಕೊಂಡು ಆಕಾಶದಿಂದ ಇಳಿಯುತ್ತಿತ್ತು. ಇದನ್ನು ನಾನು ಮಕ್ಕಳಿಗಾಗಿ ಬರೆದ ಪುಸ್ತಕವೊಂದರಲ್ಲಿ ಇದ್ದ ಹಾಗೆಯೇ ಹೇಳಿದ್ದೇನೆ. ಮಕ್ಕಳು ಮಾತಾಡುವ ಕೋತಿಯನ್ನು ನಂಬುತ್ತಾರೆ, ಇದನ್ನು ಮಾತ್ರ "ಸುಳ್ಳು ಅಜ್ಜಿ" ಎನ್ನುತ್ತಾರೆ.

ಆಮೇಲೆ ಗುಟ್ಟು ಸೋರಿತು. ನಮ್ಮ ಉಪಗ್ರಹ ತಲೆಯ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಆಚೆಯವರು ವಿಮಾನಗಳಿಗೆ ಹೊದಿಕೆ ಹಾಕತೊಡಗಿದರು. ಅದು ಬರುವ ವೇಳೆಯನ್ನು ಕೇಂದ್ರದೊಳಗಿನವರೇ ಯಾರೋ ಹೇಳಿರಬೇಕು. ತನಿಖೆಯವರು ಬಂದರು. ನಮ್ಮವರ ಅಟ್ಟದ ಕೋಣೆಯಲ್ಲಿ ರೇಡಿಯೋ ಸೆಟ್ ಇತ್ತಲ್ಲ, ದೂರದೂರದ ಅಪರಿಚಿತರ ಜೊತೆ ಹರಟುವುದಕ್ಕೆ ಲೈಸೆನ್ಸ್ ಪಡೆದು ಇಟ್ಟುಕೊಂಡದ್ದು, ಅದನ್ನೂ ಹೊತ್ತೊಯ್ದರು, ಅವರನ್ನೂ ಕರೆದೊಯ್ದರು. ತಿಂಗಳುಗಟ್ಟಲೆ ಇಟ್ಟುಕೊಂಡು, ಏನೂ ಸಾಬೀತಾಗದೆ ಬಿಟ್ಟರು. ಕೆಲಸ ಹೋಯಿತು. ಎದುರು ಬಂದವರು ರಸ್ತೆಯ ಆಚೆ ಬದಿಗೆ ದಾಟಿ ಹೋಗುತ್ತಿದ್ದರು. ಉಪಗ್ರಹದ ಜೊತೆ ಮಾತಾಡಿದ ಕೈಗಳು ಮುಂದಿನ ಕೋಣೆಯಲ್ಲಿ ಕೂತು ಪಕ್ಕದ ಬೀದಿಯವರ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡಿದವು. ನಾಲ್ಕು ವರ್ಷ. ಒಂದು ಮಧ್ಯಾಹ್ನ ಸ್ಕ್ರೂಡ್ರೈವರ್ ಹಿಡಿದಂತೆಯೇ ಮೇಜಿನ ಮೇಲೆ ತಲೆಯಿಟ್ಟರು, ಮತ್ತೆ ಎತ್ತಲಿಲ್ಲ.

ಅದೇ ನಾಲ್ಕು ವರ್ಷದಲ್ಲಿ ನಿನ್ನ ಗಂಡ ವಿದೇಶಕ್ಕೆ ಹೋಗಿ ಕಲಿತು ಬಂದರು, ಆಮೇಲೆ ಕೇಂದ್ರದ ಮೆಟ್ಟಿಲು ಒಂದೊಂದೇ ಏರಿ, ದೊಡ್ಡ ಕುರ್ಚಿಯಲ್ಲಿ ಕೂತರು. ನಾನು ಹೊಟ್ಟೆಪಾಡಿಗೆ ಮಕ್ಕಳ ವಾರಪತ್ರಿಕೆಗೆ ಕಥೆ ಬರೆಯತೊಡಗಿದೆ. ಬಾಹ್ಯಾಕಾಶದಲ್ಲಿ ಗೂಢಚಾರರನ್ನು ಹಿಡಿಯುವ ಹುಡುಗಿ ಮಿಣುಕಿ ಹುಟ್ಟಿದ್ದು ಹಾಗೆ. ಗಂಡನ ಮೇಲೆ ಗೂಢಚಾರನೆಂಬ ಮಸಿ ಬಿದ್ದ ಮನೆಯಲ್ಲಿ ಕೂತು ನಾನು ಇನ್ನೇನು ಬರೆಯಲಿ?

ಈಗ ಮೂರು ವರ್ಷದ ಹಿಂದಿನ ಮಾತು. ಎರಡೂ ದೇಶಗಳು ಹಳೆಯ ಗುಟ್ಟುಗಳನ್ನು ಬಿಚ್ಚಿದ ಮೇಲೆ, ಆಚೆಯ ಬೇಹುಗಾರ ಇಲಾಖೆಯ ಒಬ್ಬ ಮುದುಕ ಟಿವಿಯಲ್ಲಿ ಕೂತು ತನ್ನ ಪ್ರತಾಪ ಹೇಳಿಕೊಂಡ. "ಆ ಕೇಂದ್ರದಲ್ಲಿ ನಮ್ಮವನೊಬ್ಬ ಇದ್ದ. ಅವನಿಗೆ ವಿದೇಶದ ದೊಡ್ಡ ವಿದ್ಯಾಲಯದಲ್ಲಿ ಸೀಟು ಬೇಕಿತ್ತು, ಕೊಡಿಸಿದೆವು. ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡುತ್ತಿದ್ದ, ನಾವು ಅವನಿಗೆ ಕಪ್ಪೆ ಎಂದು ಹೆಸರಿಟ್ಟಿದ್ದೆವು" ಎಂದು ನಕ್ಕ. ಕೆಳಗೆ ಅವನ ಮಾತಿನ ಅನುವಾದದ ಅಕ್ಷರಗಳು ಓಡುತ್ತಿದ್ದವು. ನನ್ನ ಕೈಲಿದ್ದ ಚಹಾ ಬಟ್ಟೆಯ ಮೇಲೆ ಚೆಲ್ಲಿ ಸುಟ್ಟದ್ದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು.

ಅಲ್ಲಿಯವರೆಗೆ ನಿನ್ನ ಗಂಡನನ್ನು ಬಹುವಚನದಲ್ಲೇ ಕರೆದೆ, ಈ ಕಾಗದದಲ್ಲೂ ಅಭ್ಯಾಸಬಲದಿಂದ ಕರೆದೆ. ಇನ್ನು ಏಕವಚನ. ಕ್ಷಮಿಸು ಎನ್ನುವುದಿಲ್ಲ.

ಕೋರ್ಟಿಗೆ ಹೋಗಬಹುದಿತ್ತು. ಹೆಸರಿಲ್ಲದ ಕಪ್ಪೆಯ ಮೇಲೆ ಯಾವ ಕೋರ್ಟು ಕೇಸು ಹಾಕಿಕೊಳ್ಳುತ್ತದೆ? ನನ್ನ ಕೈಲಿದ್ದದ್ದು ಮಿಣುಕಿ ಒಬ್ಬಳೇ. ಮುಂದಿನ ಪುಸ್ತಕದಲ್ಲಿ ಅವಳಿಗೊಬ್ಬ ಶತ್ರುವನ್ನು ಕೊಟ್ಟೆ. ಕಪ್ಪೆರಾಯ. ನೀಟಾದ ಕೋಟು, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಸುಳ್ಳು ಹೇಳುವ ಮುಂಚೆ "ಅಹಂ, ಅಹಂ" ಎಂದು ಗಂಟಲು ಸರಿಮಾಡುವ ಚಾಳಿ. ಅವನು ಹಾಗೆ ಮಾಡಿದಾಗಲೆಲ್ಲ ಮಿಣುಕಿಯ ಬಾಹ್ಯಾಕಾಶ ನೌಕೆಯ ಮಕ್ಕಳು ಒಟ್ಟಾಗಿ, "ಕಪ್ಪೆ ಕೂಗ್ತು, ಸುಳ್ಳು ಬಂತು!" ಎಂದು ಕಿರುಚುತ್ತಾರೆ. ಪುಸ್ತಕ ಹೇಗೆ ಓಡಿತೆಂದರೆ, ಶಾಲೆಗಳಲ್ಲಿ ಮೇಷ್ಟ್ರು ಸುಮ್ಮನೆ ಕೆಮ್ಮುವಂತಿಲ್ಲವಂತೆ. ನಿನ್ನ ಮೊಮ್ಮಗಳೂ ಅದನ್ನು ಓದಿ ನಕ್ಕಳೆಂದು ನೀನೇ ಬರೆದಿದ್ದೆ. ನಿನ್ನ ಗಂಡ ಮಾತ್ರ ಓದಲಿಲ್ಲ. ಮಕ್ಕಳ ಪುಸ್ತಕ ಯಾವ ದೊಡ್ಡ ಮನುಷ್ಯ ಓದುತ್ತಾನೆ?

ತಾರಾಲಯದ ಹೊಸ ಸಭಾಂಗಣಕ್ಕೆ ಅವನ ಹೆಸರಿಡುತ್ತೇವೆ, ಮಕ್ಕಳೂ ಬರುತ್ತಾರೆ, ಮಿಣುಕಿಯ ಕಥೆ ಬರೆದ ಅಜ್ಜಿ ಬಂದು ಒಂದು ಅಧ್ಯಾಯ ಓದಬೇಕು ಎಂದು ಸಂಘಟಕರು ನನ್ನನ್ನೇ ಕರೆದರು. ಹತ್ತಿರದ ನೆಂಟರು, ವೇದಿಕೆ ಕಳೆಗಟ್ಟುತ್ತದೆ ಎಂದುಕೊಂಡರಂತೆ, ಪಾಪ. ಇಲ್ಲ ಎನ್ನಬಹುದಿತ್ತು. ಹೊಸ ಚಪ್ಪಲಿ ಕೊಂಡುಕೊಂಡು ಹೋದೆ.

ಗುಮ್ಮಟದ ಕೆಳಗೆ ಸಾಲುಸಾಲು ಕುರ್ಚಿ. ಎರಡನೇ ಸಾಲಿನಲ್ಲಿ ಕೇಂದ್ರದ ಹಳಬರು, ತಲೆ ನರೆತವರು, ಊರುಗೋಲಿನವರು. ಹಿಂದೆ ಪೂರ್ತಿ ಮಕ್ಕಳು. ನಾನು ಕಪ್ಪೆರಾಯ ಸಿಕ್ಕಿಬೀಳುವ ಅಧ್ಯಾಯವನ್ನೇ ಓದಿದೆ. ಪ್ರತಿ ಸಲವೂ ಮಕ್ಕಳು ಗುಮ್ಮಟ ಹಾರಿಹೋಗುವ ಹಾಗೆ ಕೂಗಿದರು. ಅವನು ವೇದಿಕೆಯ ಮೇಲೆ ನಗುತ್ತಾ ಕೂತಿದ್ದ, ಆದರೆ ಕೈ ಮಾತ್ರ ಕುತ್ತಿಗೆಯ ಹತ್ತಿರ ಹೋಗಿ ಹೋಗಿ ಬರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಪದಕ ಹಾಕಿದರು. ಅವನು ಮೈಕಿನ ಮುಂದೆ ಬಂದ. ನುಂಗಿ ನುಂಗಿ, ಹೇಗೋ ಗಂಟಲು ಸರಿಮಾಡದೆಯೇ ನಾಲ್ಕು ವಾಕ್ಯ ಹೇಳಿದ. ಅಷ್ಟರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು, "ಅಜ್ಜ, ನಿಮ್ಮ ಕೇಂದ್ರದಲ್ಲಿ ನಿಜವಾದ ಗೂಢಚಾರ ಯಾರಾದ್ರೂ ಇದ್ರಾ?"

ಗುಬ್ಬಿ, ಆಣೆ ಮಾಡಿ ಹೇಳುತ್ತೇನೆ, ಆ ಮಗುವಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಅವನು ನನ್ನ ಕಡೆ ನೋಡಿದ. ಬಾಯಿ ತೆರೆದ. "ಅಹಂ… ಅಹಂ… ಇಲ್ಲ ಮಗು, ಅಂಥವರು ಯಾರೂ…"

"ಕಪ್ಪೆ ಕೂಗ್ತು, ಸುಳ್ಳು ಬಂತು!"

ನೂರಾರು ಗಂಟಲು ಒಂದೇ ಸಲ. ಮಕ್ಕಳಿಗೆ ಅದು ಆಟ, ಅಜ್ಜನೂ ಆಟಕ್ಕೆ ಸೇರಿಕೊಂಡ ಎಂದು ಚಪ್ಪಾಳೆ ತಟ್ಟಿ ನಕ್ಕರು. ಅವನು ಗಾಬರಿಯಲ್ಲಿ ಮತ್ತೆ ಗಂಟಲು ಸರಿಮಾಡಿದ. ಮತ್ತೆ ಕೂಗಿದರು. ಎರಡನೇ ಸಾಲಿನಲ್ಲಿ ಮಾತ್ರ ಯಾರೂ ನಗಲಿಲ್ಲ. ಟಿವಿಯ ಆ ಮುದುಕನ ಮಾತನ್ನು ಅವರೂ ಕೇಳಿದ್ದರು, ಕೇಳಿ ಒಳಗೇ ಇಟ್ಟುಕೊಂಡಿದ್ದರು. ಆಂಟೆನಾ ವಿಭಾಗದ ಮುಖ್ಯಸ್ಥರಾಗಿದ್ದವರು ಊರುಗೋಲು ಊರಿ ಎದ್ದು ಬಾಗಿಲ ಕಡೆ ನಡೆದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಇಡೀ ಸಾಲು. ಹೋಗುವಾಗ ಒಬ್ಬೊಬ್ಬರೂ ನನ್ನ ಮುಂದೆ ನಿಂತು ತಲೆ ಬಾಗಿಸಿ ಹೋದರು. ಯಾವ ಕೋರ್ಟು ಕೊಡುತ್ತಿತ್ತು ಅಂಥ ತೀರ್ಪು?

ಆಮೇಲೆ ಅವನು ವೇದಿಕೆಯ ಹಿಂದೆ ನಾನಿದ್ದ ಕೋಣೆಗೆ ಬಂದ. "ಅತ್ತಿಗೆ, ಮಕ್ಕಳ ಕೈಲಿ ಕಲ್ಲು ಹೊಡೆಸಿದ್ರಲ್ಲ" ಎಂದ.

"ಕಲ್ಲಲ್ಲಪ್ಪ, ನಗು. ಕಲ್ಲಿನ ಗಾಯ ಆದ್ರೆ ಮಾಯುತ್ತೆ."

"ನನಗೆ ಬೇರೆ ದಾರಿ ಇರಲಿಲ್ಲ. ತನಿಖೆಯವರು ನನ್ನ ಮೇಜಿಗೇ ಬಂದುಬಿಟ್ಟಿದ್ರು. ನಿಮ್ಮವರು ಗಟ್ಟಿ ಮನುಷ್ಯ, ತಡ್ಕೋತಾರೆ ಅಂತ ಅವರ ಕಡೆ ತಿರುಗಿಸಿದೆ."

"ತಡ್ಕೊಂಡ್ರು. ಇನ್ನು ನೀನು ತಡ್ಕೋ" ಎಂದೆ.

ಮೂರನೇ ಕಾಗದದಲ್ಲಿ ನೀನು ಒಂದು ಬೇಡಿಕೆ ಇಟ್ಟಿದ್ದೀಯ. ಕಪ್ಪೆರಾಯನಿಗೂ ಯಾವ ನಿಜ ಮನುಷ್ಯನಿಗೂ ಸಂಬಂಧವಿಲ್ಲ ಎಂದು ಪತ್ರಿಕೆಯಲ್ಲಿ ಬರೆಯಬೇಕು, ಇಲ್ಲವೇ ಮುಂದಿನ ಪುಸ್ತಕದಲ್ಲಿ ಅವನನ್ನು ಸಾಯಿಸಿಬಿಡಬೇಕು. ಮೊದಲನೆಯದು ಸುಳ್ಳು, ಬರೆಯಲಾರೆ. ಎರಡನೆಯದು ಮಕ್ಕಳ ಕಥೆಯಲ್ಲಿ ಆಗದ ಮಾತು. ಅಲ್ಲಿ ಕಳ್ಳ ಸಾಯುವುದಿಲ್ಲ ಗುಬ್ಬಿ, ಪ್ರತಿ ಪುಸ್ತಕದಲ್ಲೂ ಸಿಕ್ಕಿಬೀಳುತ್ತಾನೆ. ನಾನು ಬದುಕಿರುವಷ್ಟು ದಿನ ಅವನು ಸಿಕ್ಕಿಬೀಳುತ್ತಲೇ ಇರುತ್ತಾನೆ. ನಾನು ಹೋದ ಮೇಲೂ ಹೊಸ ಹೊಸ ಮಕ್ಕಳು ಮೊದಲ ಪುಟ ತೆರೆಯುತ್ತಾರೆ. ಸಭಾಂಗಣದ ಹೆಸರಿನ ವಿಷಯವನ್ನು ಸಂಘಟಕರು ಸದ್ಯಕ್ಕೆ ಮುಂದೂಡಿದ್ದಾರಂತೆ. ಕೇಳಿದ ದಿನ ಹೊಟ್ಟೆ ತುಂಬ ಊಟ ಮಾಡಿ ಮಲಗಿದೆ.

ಕಣ್ಣಿಗೆ ಹೊತ್ತುಹೊತ್ತಿಗೆ ಔಷಧಿ ಹಾಕಿಕೋ. ನಿನ್ನ ಮೊಮ್ಮಗಳಿಗೆ ಮುತ್ತು. ಹಿರಿಯಳಾಗಿ ಹರಸುವುದು ನನ್ನ ಪಾಲಿಗೆ ಬಂದ ಕೆಲಸ. ನಿನ್ನ ಕಣ್ಣು ಬೇಗ ತಿಳಿಯಾಗಲಿ, ಎದುರಿಗಿರುವುದು ಇದ್ದ ಹಾಗೆ ಕಾಣಲಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಕಿತ್ತೆ. ಆ ಕೋಣೆಯಲ್ಲಿ ನಡೆದ ಮಾತು ಅಷ್ಟಕ್ಕೇ ಮುಗಿದಿರಲಿಲ್ಲ.

ನಮ್ಮವರು ರೇಡಿಯೋದಲ್ಲಿ ದೂರದೇಶದ ಒಬ್ಬ ಮುದುಕನ ಜೊತೆ ಚದುರಂಗ ಆಡುತ್ತಿದ್ದರು. "ಕುದುರೆ ಎಡಕ್ಕೆ, ಒಂಟೆ ಹಿಂದಕ್ಕೆ" ಎಂದು ಇವರು ಹೇಳಿದ ಹಾಗೆ ಹಲಗೆಯ ಮೇಲೆ ಕಾಯಿ ನಡೆಸುತ್ತಿದ್ದವಳು ನೀನು. ಆ ಆಟ ಗೊತ್ತಿದ್ದದ್ದು ಮನೆಯಲ್ಲಿ ನಮ್ಮ ಮೂವರಿಗೇ. ತನಿಖೆಯವರು ಅದನ್ನೇ ಗುಪ್ತಭಾಷೆ ಎಂದು ಹಿಡಿದರು. ನಿನ್ನ ಬಾಯಿ ಬಿಡಿಸಿ ಗಂಡನೇ ಹೋಗಿ ಹೇಳಿರಬೇಕು ಎಂದು ನಾನು ಅಂದುಕೊಂಡಿದ್ದೆ. ಆ ದಿನ ಅವನಿಗೆ ಅದನ್ನೂ ಅಂದೆ. ಅವನು ಆಗ ಗಂಟಲು ಸರಿಮಾಡಲಿಲ್ಲ. ನೇರವಾಗಿ ನೋಡಿ, "ನಾನು ಹೇಳು ಅಂದಿದ್ದು ನಿಜ. ಆದರೆ ಹೋಗಿ ಹೇಳಿ, ಸಹಿ ಹಾಕಿದ್ದು ನಾನಲ್ಲ ಅತ್ತಿಗೆ, ಗುಬ್ಬಿ" ಎಂದ.

ಹೇಳಿಕೆ ಕೊಟ್ಟವರ ಹೆಸರನ್ನು ನಮ್ಮವರಿಗೆ ಅಲ್ಲಿ ಓದಿ ಹೇಳಿರುತ್ತಾರೆ. ಅಂದರೆ ಅವರಿಗೆ ಗೊತ್ತಿತ್ತು. ಬಿಡುಗಡೆಯಾಗಿ ಬಂದ ದಿನ, "ಯಾರ್ರೀ ನಿಮ್ಮ ಮೇಲೆ ಹೇಳಿದ್ದು?" ಎಂದು ಅತ್ತುಕೊಂಡು ಕೇಳಿದ್ದೆ. "ಯಾರಾದ್ರೂ ಆಗ್ಲಿ ಬಿಡು. ಭಾನುವಾರ ಗುಬ್ಬೀನ ಊಟಕ್ಕೆ ಕರಿ, ಸೊರಗಿದ್ದಾಳೆ" ಎಂದಿದ್ದರು. ನೀನು ಬಂದೆ. ಅವರ ಪಕ್ಕದಲ್ಲೇ ಕೂತು ಉಂಡೆ. ನಾನೇ ಬಡಿಸಿದೆ. ನನಗೆ ತಂಗಿಯೊಬ್ಬಳು ಉಳಿಯಲಿ ಎಂದು ಅವರು ಸಾಯುವವರೆಗೆ ಬಾಯಿ ಬಿಡಲಿಲ್ಲ.

ಅವರು ನಿನ್ನನ್ನು ಕ್ಷಮಿಸಿ ಹೋದರು. ಅದು ಅವರ ದೊಡ್ಡತನ, ನನ್ನದಲ್ಲ. ಗಂಡನ ಪರವಾಗಿ ಇನ್ನೊಂದು ಕಾಗದ ಬರೆಯಬೇಡ. ಕಣ್ಣು ವಾಸಿಯಾದ ಮೇಲೆ ಬಾ, ಒಬ್ಬಳೇ ಬಾ. ಊಟಕ್ಕೆ ಕರೆಯುತ್ತಿಲ್ಲ.